ಫೈಬರ್ ಬಂದ್ಮೇಲೆ ಹಳೇ ಮೋಡೆಮ್ ಏನ್ಮಾಡೋದು? ಎಸೀಬೇಡಿ, ಹಿಂದಿನ ರೂಮಿಗೆ ವೈಫೈ ಮಾಡ್ಕೊಳ್ಳಿ

ತುಮಕೂರಲ್ಲಿ ಈಗ ಯಾವ ಬೀದಿಗೆ ಹೋದ್ರೂ ಕಂಬದಿಂದ ಕಂಬಕ್ಕೆ ಕಪ್ಪು ಫೈಬರ್ ವೈರು ನೇತಾಡ್ತಿರುತ್ತೆ. ಎಸ್‌ಎಸ್ ಪುರಂ, ಬಟವಾಡಿ, ಕ್ಯಾತ್ಸಂದ್ರ, ಶಿರಾ ಗೇಟ್ ಎಲ್ಲಾ ಕಡೆ ಜನ ಫೋನ್ ವೈರಿನ ಬ್ರಾಡ್‌ಬ್ಯಾಂಡ್ ಬಿಟ್ಟು ಫೈಬರ್ ಹಾಕಿಸ್ಕೊಂಡಿದಾರೆ, ಹೊಸ ಕಂಪನಿ ಹುಡುಗ್ರು ಬಂದು ಹಾಲಲ್ಲಿ ಗೋಡೆಗೆ ಹೊಸ ಡಬ್ಬಿ ಹೊಡೆದು ಹೋಗ್ತಾರೆ, ಹಳೇ ಮೋಡೆಮ್ ಮಾತ್ರ ಶೋಕೇಸ್ ಮೇಲೋ ಸಜ್ಜಾ ಮೇಲೋ ಧೂಳು ಹಿಡ್ಕೊಂಡು ಕೂತಿರುತ್ತೆ. ಸಿಕ್ಕಿದೋರೆಲ್ಲ ನನ್ನ ಕೇಳೋದು ಎರಡೇ ಪ್ರಶ್ನೆ. ಒಂದು, ಹಳೇ ಮೋಡೆಮ್ ಇನ್ನೂ ಚೆನ್ನಾಗಿದೆ, ಹೊಸ ಕನೆಕ್ಷನ್‌ಗೆ ಇದನ್ನೇ ಹಾಕ್ಬೋದಾ? ಇನ್ನೊಂದು, ಹೊಸ ವೈಫೈ ಹಾಲಲ್ಲಿ ಜೋರಾಗಿದೆ, ಹಿಂದಿನ ರೂಮಲ್ಲಿ ಒಂದು ಕಡ್ಡಿನೂ ಬರಲ್ಲ, ಏನ್ಮಾಡೋದು?

ಮೊದಲನೇದಕ್ಕೆ ಉತ್ತರ, ಹೊಸ ಡಬ್ಬಿ ಬದಲಿಗೆ ಹಾಕಕ್ಕಾಗಲ್ಲ. ಆದ್ರೆ ಅದೇ ಹಳೇ ಮೋಡೆಮ್‌ನ ಹೊಸ ಡಬ್ಬಿ ಜೊತೆಗೆ ಹಾಕಿ ಎರಡನೇ ತೊಂದರೆ ಸರಿ ಮಾಡ್ಕೋಬೋದು, ಅದಕ್ಕೆ ಒಂದು ಕೇಬಲ್ ಖರ್ಚು ಬಿಟ್ರೆ ಬೇರೇನೂ ಬೇಡ. ಒಂದೊಂದೇ ಹಂತ ಹೇಳ್ಕೊಂಡು ಹೋಗ್ತೀನಿ, ಓದ್ತಾ ಓದ್ತಾ ಮಾಡಿದ್ರೆ ಒಂದು ಗಂಟೆ ಕೆಲಸ.

ಮೊದಲು ಡಬ್ಬಿ ಒಳಗೆ ಏನೇನಿದೆ ಅಂತ ತಿಳ್ಕೊಳ್ಳಿ

ಮೋಡೆಮ್ ರೂಟರ್ ಅಂತ ನಾವು ಒಂದೇ ಹೆಸರಲ್ಲಿ ಕರೆಯೋ ಡಬ್ಬಿ ಒಳಗೆ ನಾಲ್ಕು ಬೇರೆ ಬೇರೆ ಕೆಲಸ ಮಾಡೋ ಭಾಗ ಇವೆ. ಫೋನ್ ವೈರಲ್ಲಿ ಬರೋ ಸಿಗ್ನಲ್‌ನ ಇಂಟರ್‌ನೆಟ್ ಮಾಡೋದು ಮೋಡೆಮ್. ಆ ಒಂದು ಕನೆಕ್ಷನ್‌ನ ಮನೇಲಿರೋ ಹತ್ತು ಫೋನ್‌ಗೆ ಹಂಚೋದು ರೂಟರ್. ಹಿಂದೆ ಇರೋ ನಾಲ್ಕು ಹಳದಿ ಅಥವಾ ಕಪ್ಪು ತೂತು ಇದಾವಲ್ಲ, ಅದು ಸ್ವಿಚ್, ಅಂದ್ರೆ ಕರೆಂಟಿನ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದಂಗೆ ಒಂದು ಕೇಬಲ್ ಕೊಟ್ರೆ ಮಿಕ್ಕ ಮೂರರಲ್ಲಿ ತಗೋಬೋದು. ನಾಲ್ಕನೇದು ವೈಫೈ.

ಬಿಎಸ್‌ಎನ್‌ಎಲ್ 2005 ಜನವರಿಲಿ ಡೇಟಾಒನ್ ಅಂತ ಶುರು ಮಾಡಿದ ಬ್ರಾಡ್‌ಬ್ಯಾಂಡ್ ಕಾಲದಿಂದ ನಮ್ಮ ಮನೆಗಳಿಗೆ ಬಂದಿದ್ದೆಲ್ಲ ಫೋನ್ ವೈರಿನ ಮೋಡೆಮ್‌ಗಳೇ, ತಾಂತ್ರಿಕ ಹೆಸರು ಎಡಿಎಸ್‌ಎಲ್. ಫೈಬರ್ ಬಂದ್ಮೇಲೆ ಇದರಲ್ಲಿ ಕೆಲಸಕ್ಕೆ ಬಾರದೇ ಹೋಗೋದು ಮೊದಲನೇ ಭಾಗ ಒಂದೇ. ಸ್ವಿಚ್ಚು, ವೈಫೈ ಎರಡಕ್ಕೂ ನೆಟ್ ಯಾವ ಕಂಪನಿದು, ಯಾವ ವೈರಲ್ಲಿ ಬಂತು ಅನ್ನೋದೆಲ್ಲ ಬೇಕಾಗೇ ಇಲ್ಲ. ನಾವು ಮಾಡೋ ಕೆಲಸ ಏನಂದ್ರೆ ರೂಟರ್ ಭಾಗಕ್ಕೆ ನೀನು ಸುಮ್ನಿರು ಅಂತ ಹೇಳಿ ಈ ಎರಡನ್ನ ಮಾತ್ರ ದುಡಿಸ್ಕೊಳ್ಳೋದು. ಇಂಥ ಡಬ್ಬಿಗೆ ಆಕ್ಸೆಸ್ ಪಾಯಿಂಟ್ ಅಂತಾರೆ, ಇರೋ ನೆಟ್‌ನ ವೈಫೈ ಮಾಡಿ ಹರಡೋದಷ್ಟೇ ಅದರ ಕೆಲಸ.

ಹಂತ 1: ಡಬ್ಬಿ ನಿಮ್ದೇನಾ ನೋಡ್ಕೊಳ್ಳಿ

ನೀವು ಅಂಗಡಿಲಿ ದುಡ್ಡು ಕೊಟ್ಟು ತಂದಿದ್ರೆ ಯೋಚನೆ ಇಲ್ಲ. ಹಳೇ ಕಂಪನಿಯೋರೇ ಬಾಡಿಗೆಗೋ ಡಿಪಾಸಿಟ್ ಮೇಲೋ ಕೊಟ್ಟಿದ್ರೆ ಕನೆಕ್ಷನ್ ಮುಚ್ಚುವಾಗ ವಾಪಸ್ ಕೊಡ್ಬೇಕು, ಕೊಟ್ಟು ರಸೀದಿ ಇಸ್ಕೊಳ್ಳಿ. ನನಗೆ ಗೊತ್ತಿರೋ ಒಂದು ಮನೇಲಿ ಮೋಡೆಮ್ ವಾಪಸ್ ಕೊಟ್ಟು ರಸೀದಿ ಇಸ್ಕೊಳ್ಳದೇ ಬಂದಿದ್ರು, ಆರು ತಿಂಗಳಾದ್ಮೇಲೆ ಅದರ ಬಾಕಿ ಅಂತ ಫೋನ್ ಬಂತು. ಹಂಗಾಗಿ ಕೈಬರಹದ ಚೀಟಿ ಆದ್ರೂ ಸರಿ, ಡಬ್ಬಿ ಸೀರಿಯಲ್ ನಂಬರ್ ಬರೆಸ್ಕೊಂಡು ಸೀಲ್ ಹಾಕಿಸ್ಕೊಳ್ಳಿ.

ಹಂತ 2: ಯಾವ ಜಾತಿ ಡಬ್ಬಿ ಅಂತ ಹಿಂದೆ ತಿರುಗಿಸಿ ನೋಡಿ

ಮುಂದಿನದ್ದೆಲ್ಲ ಇದರ ಮೇಲೇ ನಿಂತಿರೋದು, ಅದಕ್ಕೆ ಬೆಳಕಲ್ಲಿ ಹಿಡ್ಕೊಂಡು ಸರಿಯಾಗಿ ನೋಡಿ.

ಒಂದು ಸಣ್ಣ ತೂತು, ಪಕ್ಕದಲ್ಲಿ ಸ್ವಲ್ಪ ದೊಡ್ಡದು ನಾಲ್ಕು ತೂತು ಇದ್ರೆ ಅದು ಫೋನ್ ವೈರಿನ ಮೋಡೆಮ್. ಸಣ್ಣದರ ಮೇಲೆ ಡಿಎಸ್‌ಎಲ್ ಅಥವಾ ಲೈನ್ ಅಂತ ಬರೆದಿರುತ್ತೆ, ಲ್ಯಾಂಡ್‌ಲೈನ್ ಫೋನಿನ ಪಿನ್ನು ಹೋಗೋ ತೂತು ಅದು. ದೊಡ್ಡ ನಾಲ್ಕರ ಮೇಲೆ ಲ್ಯಾನ್ 1, 2, 3, 4 ಅಂತ ಇರುತ್ತೆ, ಮೊದಲು ಹೇಳಿದ ಸ್ವಿಚ್ಚಿನ ತೂತು ಇವೇ. ನಾನು ಇಲ್ಲಿ ಮುಖ್ಯವಾಗಿ ಹೇಳ್ತಿರೋದು ಈ ಡಬ್ಬಿ ಬಗ್ಗೆ.

ಐದೂ ತೂತು ಒಂದೇ ಸೈಜಿಂದು, ಅದರಲ್ಲಿ ಒಂದು ಮಾತ್ರ ಬೇರೆ ಬಣ್ಣ, ಮೇಲೆ ವ್ಯಾನ್ (ಹೊರಗಿನ ನೆಟ್ ಒಳಗೆ ಬರೋ ತೂತು) ಅಂತ ಬರೆದಿದ್ರೆ ಅದು ಬರೀ ರೂಟರ್, ಲೋಕಲ್ ಕೇಬಲ್‌ನವರ ನೆಟ್‌ಗೆ ಹಾಕ್ತಿದ್ದದ್ದು. ಇದು ಇನ್ನೂ ಸುಲಭ, ಎಷ್ಟೋ ಮಾಡೆಲ್‌ಗಳಲ್ಲಿ ಸೆಟ್ಟಿಂಗ್ ಒಳಗೆ ಆಕ್ಸೆಸ್ ಪಾಯಿಂಟ್ ಮೋಡ್ ಅಂತಾನೇ ಒಂದು ಆಯ್ಕೆ ಇರುತ್ತೆ, ಅದನ್ನ ಒತ್ತಿ ಸೇವ್ ಮಾಡಿದ್ರೆ ಈ ಕೆಳಗಿನ ಅರ್ಧ ಕೆಲಸ ತಾನಾಗೇ ಆಗೋಗುತ್ತೆ.

ಹಸಿರು ಅಥವಾ ನೀಲಿ ಬಣ್ಣದ ಚೌಕ ಪಿನ್ನು, ಅದಕ್ಕೆ ತೆಳ್ಳಗಿನ ವೈರು ಬರ್ತಿದ್ರೆ ಅದು ಫೈಬರ್ ಡಬ್ಬಿ, ಓಎನ್‌ಟಿ ಅಂತಾರೆ. ಒಂದು ಫೈಬರ್ ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದೋರು ಹಳೇ ಓಎನ್‌ಟಿಗೇ ಹೊಸ ವೈರು ಚುಚ್ಚಿದ್ರೆ ಆಯ್ತಲ್ಲ ಅಂತ ಕೇಳ್ತಾರೆ. ಆಗಲ್ಲ, ಪ್ರತಿ ಓಎನ್‌ಟಿಯ ಸೀರಿಯಲ್ ನಂಬರ್ ಕಂಪನಿ ಕಡೆ ಯಂತ್ರದಲ್ಲಿ ನೋಂದಣಿ ಆಗಿರ್ಬೇಕು, ಆಗದೇ ಇದ್ರೆ ಆ ಕಡೆಯಿಂದ ಒಳಗೇ ಬಿಟ್ಕೊಳ್ಳಲ್ಲ. ಇನ್ನೊಂದು ಮಾತು, ಕೆಲಸ ಮಾಡ್ತಿರೋ ಫೈಬರ್ ಪಿನ್ನನ್ನ ನೀವಾಗೇ ಕಿತ್ತು ಅದರ ತುದಿನ ಕಣ್ಣಿನ ಹತ್ರ ಹಿಡಿದು ನೋಡ್ಬೇಡಿ, ಮಕ್ಕಳ ಕೈಗೂ ಕೊಡ್ಬೇಡಿ. ಅದರೊಳಗೆ ಬರೋ ಲೇಸರ್ ಕಣ್ಣಿಗೆ ಕಾಣಲ್ಲ, ಬೆಳಕು ಕಾಣ್ತಿಲ್ಲ ಅಂದ ಮಾತ್ರಕ್ಕೆ ಏನೂ ಇಲ್ಲ ಅಂತ ಅಲ್ಲ. ಆ ವೈರು ಗಾಜಿಂದು, ಜೋರಾಗಿ ಮಡಚಿದ್ರೆ ಮುರಿಯುತ್ತೆ, ತುದಿಗೆ ಧೂಳು ಕೂತ್ರೂ ನೆಟ್ ಎಡವುತ್ತೆ.

ಹಂತ 3: ಅಡಾಪ್ಟರ್

ಹಳೇ ಮೋಡೆಮ್ ಸಾಯೋದು ಬಹಳ ಸಲ ಇಲ್ಲೇ. ಮೋಡೆಮ್ ಅಡಾಪ್ಟರ್ ಕಳೆದೋಗಿರುತ್ತೆ, ಸೆಟ್‌ಟಾಪ್ ಬಾಕ್ಸಿಂದೋ ಇನ್ನೊಂದರದ್ದೋ ಪಿನ್ನು ಸರಿಯಾಗಿ ಕೂತ್ಕೊಳ್ತು ಅಂತ ಚುಚ್ಚಿಬಿಡ್ತಾರೆ. ಪಿನ್ನು ಕೂತ್ಕೊಂಡ್ರೆ ಸಾಲದು. ಡಬ್ಬಿ ತಳದ ಸ್ಟಿಕರ್ ಮೇಲೆ 9 ವೋಲ್ಟ್ 0.6 ಆಂಪಿಯರ್ ಅಂತಲೋ 12 ವೋಲ್ಟ್ 1 ಆಂಪಿಯರ್ ಅಂತಲೋ ಇರುತ್ತೆ. ವೋಲ್ಟ್ ಎರಡರ ಮೇಲೂ ಒಂದೇ ಇರ್ಬೇಕು, ಆಂಪಿಯರ್ ಅಡಾಪ್ಟರ್ ಮೇಲೆ ಅಷ್ಟೇ ಅಥವಾ ಜಾಸ್ತಿ ಇರ್ಬೋದು, ಕಮ್ಮಿ ಇರ್ಬಾರ್ದು. ಮಧ್ಯ ಪ್ಲಸ್, ಸುತ್ತ ಮೈನಸ್ ಅಂತ ಒಂದು ಸಣ್ಣ ಚಿತ್ರ ಇರುತ್ತೆ, ಅದೂ ಎರಡರ ಮೇಲೂ ಒಂದೇ ಥರ ಇದ್ಯಾ ನೋಡಿ. 9 ವೋಲ್ಟ್ ಡಬ್ಬಿಗೆ 12 ವೋಲ್ಟ್ ಕೊಟ್ರೆ ಸುಟ್ಟೋಗೋ ಸಾಧ್ಯತೆ ಇದೆ. ಆಂಪಿಯರ್ ಕಮ್ಮಿ ಇದ್ರೆ ಡಬ್ಬಿ ಸುಡಲ್ಲ, ಆದ್ರೆ ವೈಫೈ ಮೇಲೆ ಲೋಡ್ ಬಿದ್ದಾಗೆಲ್ಲ ಡಬ್ಬಿ ತಾನಾಗೇ ಆಫ್ ಆಗಿ ಆನ್ ಆಗ್ತಿರುತ್ತೆ, ನೀವು ಸೆಟ್ಟಿಂಗ್ ತಪ್ಪಾಯ್ತೇನೋ ಅಂತ ದಿನಗಟ್ಟಲೆ ಹುಡುಕ್ತಿರ್ತೀರಿ.

ಗಾಳಿ ಆಡೋ ಸೀಳಿನಲ್ಲಿ ಧೂಳು ಕಟ್ಕೊಂಡಿದ್ರೆ ಒಣಗಿದ ಪೇಂಟ್ ಬ್ರಷ್ಷಲ್ಲಿ ಒರೆಸಿ. ಒದ್ದೆ ಬಟ್ಟೆ ಬೇಡ.

ಹಂತ 4: ರೀಸೆಟ್ ಮಾಡಿ

ಹಳೇ ಪಾಸ್‌ವರ್ಡ್ ನೆನಪಿದ್ರೂ ರೀಸೆಟ್ ಮಾಡೋದೇ ಒಳ್ಳೇದು. ಕರೆಂಟ್ ಕೊಟ್ಟು ಎರಡು ನಿಮಿಷ ಬಿಡಿ. ಹಿಂದೆಯೋ ತಳದಲ್ಲೋ ಸೂಜಿ ಹೋಗೋವಷ್ಟು ತೂತು ಇರುತ್ತೆ, ಅದರೊಳಗೆ ಪಿನ್ನು ಅಥವಾ ಬಿಡಿಸಿದ ಪೇಪರ್ ಕ್ಲಿಪ್ ಹಾಕಿ 10 ಸೆಕೆಂಡ್ ಒತ್ತಿ ಹಿಡೀರಿ. ಲೈಟುಗಳೆಲ್ಲ ಒಂದ್ಸಲ ಆರಿ ಮತ್ತೆ ಹತ್ತಿದ್ರೆ ಆಯ್ತು. ಸುಮ್ನೆ ಒಂದು ಸೆಕೆಂಡ್ ಮುಟ್ಟಿ ಬಿಟ್ರೆ ಡಬ್ಬಿ ರೀಸ್ಟಾರ್ಟ್ ಆಗ್ಬೋದು ಅಷ್ಟೇ, ರೀಸೆಟ್ ಆಗಲ್ಲ.

ಹಂತ 5: ಡಬ್ಬಿ ಒಳಗೆ ಹೋಗೋದು

ಹೊಸ ಫೈಬರ್ ಡಬ್ಬಿಗೆ ಇನ್ನೂ ಸೇರಿಸ್ಬೇಡಿ. ಹಳೇದನ್ನ ಒಂಟಿಯಾಗೇ ಇಟ್ಕೊಂಡು ಲ್ಯಾಪ್‌ಟಾಪ್‌ನ ಒಂದು ಲ್ಯಾನ್ ಕೇಬಲ್ಲಲ್ಲಿ ಲ್ಯಾನ್ 1ಕ್ಕೆ ಸೇರಿಸಿ, ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ. ಲ್ಯಾಪ್‌ಟಾಪ್ ಇಲ್ದಿದ್ರೆ ಫೋನಲ್ಲೇ ಆಗುತ್ತೆ, ಸ್ಟಿಕರ್ ಮೇಲಿರೋ ವೈಫೈ ಹೆಸರು ಹುಡುಕಿ ಕನೆಕ್ಟ್ ಆಗಿ. ಆಗ ಫೋನು ಈ ವೈಫೈಲಿ ಇಂಟರ್‌ನೆಟ್ ಇಲ್ಲ, ಬಿಡ್ಲಾ ಅಂತ ಕೇಳುತ್ತೆ, ಇರ್ಲಿ ಅಂತ ಒತ್ತಿ, ಮೊಬೈಲ್ ಡೇಟಾನೂ ಆಫ್ ಮಾಡಿ. ಡೇಟಾ ಆನ್ ಇದ್ರೆ ಫೋನು ನೀವು ಹಾಕಿದ ವಿಳಾಸನ ಹೊರಗಿನ ನೆಟ್ಟಲ್ಲಿ ಹುಡುಕುತ್ತೆ, ಪೇಜೇ ಬರಲ್ಲ. ಅರ್ಧ ಜನ ಸಿಕ್ಕಾಕ್ಕೊಳ್ಳೋದು ಇಲ್ಲೇ.

ಬ್ರೌಸರ್ ಮೇಲಿನ ವಿಳಾಸದ ಪಟ್ಟಿಲಿ 192.168.1.1 ಅಂತ ಟೈಪ್ ಮಾಡಿ, ಕೆಲವಕ್ಕೆ 192.168.0.1 ಇರುತ್ತೆ, ಡಬ್ಬಿ ತಳದಲ್ಲಿ ಬರೆದಿರುತ್ತೆ. ಸರ್ಚ್ ಪೆಟ್ಟಿಗೆಲಿ ಹಾಕ್ಬೇಡಿ. ಯೂಸರ್ ನೇಮ್, ಪಾಸ್‌ವರ್ಡ್ ಕೇಳುತ್ತೆ, ಅದೂ ಸ್ಟಿಕರ್ ಮೇಲಿರುತ್ತೆ, ಹಳೇ ಡಬ್ಬಿಗಳಲ್ಲಿ ಎರಡಕ್ಕೂ ಅಡ್ಮಿನ್ ಅಂತಾನೇ ಇರೋದು ಹೆಚ್ಚು.

ಒಳಗೆ ಹೋದ್ಮೇಲೆ ಕ್ವಿಕ್ ಸೆಟಪ್ ಅಂತ ಮುಂದೆ ಬಂದು ನಿಲ್ಲುತ್ತೆ, ಅದನ್ನ ಮುಚ್ಚಿ. ಇಂಟರ್‌ನೆಟ್ ಅಥವಾ ವ್ಯಾನ್ ಅನ್ನೋ ಪುಟದಲ್ಲಿ ವಿಪಿಐ 0, ವಿಸಿಐ 35 ಅಂತೆಲ್ಲ ಕಂಡ್ರೆ ಅದು ಬಿಎಸ್‌ಎನ್‌ಎಲ್ ಫೋನ್ ವೈರಿಗೆ ಬೇಕಿದ್ದ ನಂಬರ್‌ಗಳು, ಆ ಪುಟನ ಮುಟ್ಟೋದೇ ಬೇಡ.

ಹಂತ 6: ಮೂರು ಸೆಟ್ಟಿಂಗ್, ಇದೇ ಕ್ರಮದಲ್ಲಿ

ಕ್ರಮ ತಪ್ಪಿದ್ರೆ ಮಧ್ಯದಲ್ಲೇ ಡಬ್ಬಿ ಒಳಗಿಂದ ಹೊರಗೆ ಬಿದ್ದು ಮತ್ತೆ ರೀಸೆಟ್‌ನಿಂದ ಶುರು ಮಾಡ್ಬೇಕಾಗುತ್ತೆ, ಅದಕ್ಕೆ ಹೇಳ್ತಿದೀನಿ, ಮೊದಲು ವೈಫೈ, ಆಮೇಲೆ ವಿಳಾಸ, ಕೊನೆಗೆ ಡಿಎಚ್‌ಸಿಪಿ, ಅಂದ್ರೆ ಫೋನ್‌ಗಳಿಗೆ ನಂಬರ್ ಹಂಚೋ ಕೆಲಸ.

ವೈಫೈ. ವೈರ್‌ಲೆಸ್ ಅನ್ನೋ ಪುಟದಲ್ಲಿ ಹೆಸರು ಹಾಕಿ, ಅದನ್ನ ಎಸ್‌ಎಸ್‌ಐಡಿ ಅಂತ ಬರೆದಿರ್ತಾರೆ. ಹೊಸ ಡಬ್ಬಿ ಹೆಸರನ್ನೇ, ಅದೇ ಪಾಸ್‌ವರ್ಡನ್ನೇ ಕೊಟ್ರೆ ಫೋನು ಹಾಲಿಂದ ಹಿಂದಿನ ರೂಮಿಗೆ ಹೋದಾಗ ತಾನಾಗೇ ಬದಲಾಗುತ್ತೆ, ಮನೇಲಿ ವಯಸ್ಸಾದವ್ರಿದ್ರೆ ಅದೇ ಸಲೀಸು. ಆದ್ರೆ ಮೊದಲನೇ ವಾರ ಬೇರೆ ಹೆಸರು ಕೊಡಿ ಅನ್ನೋದು ನನ್ನ ಸಲಹೆ, ಏನಾದ್ರೂ ಕೆಟ್ರೆ ಯಾವ ಡಬ್ಬಿದು ತಪ್ಪು ಅಂತ ತಕ್ಷಣ ಗೊತ್ತಾಗುತ್ತೆ, ಎಲ್ಲ ಸರಿ ಇದೆ ಅನ್ಸಿದ್ಮೇಲೆ ಒಂದೇ ಹೆಸರು ಮಾಡ್ಕೊಳ್ಳಿ.

ಸೆಕ್ಯುರಿಟಿ ಅನ್ನೋ ಕಡೆ ಡಬ್ಲ್ಯೂಪಿಎ2, ಅದರ ಕೆಳಗೆ ಎಇಎಸ್ ಆರಿಸಿ. ಡಬ್ಲ್ಯೂಇಪಿ ಅನ್ನೋದು ಬಹಳ ಹಳೇ ಬೀಗ, ನಿಮಿಷಗಳಲ್ಲಿ ಒಡೀಬೋದು, ಅದನ್ನ ಯಾವತ್ತೂ ಹಾಕ್ಬೇಡಿ. ಟಿಕೆಐಪಿ ಅಂತ ಇನ್ನೊಂದು ಇರುತ್ತೆ, ಅದನ್ನ ಆರಿಸಿದ್ರೆ ಭದ್ರತೆನೂ ಕಮ್ಮಿ, ಜೊತೆಗೆ ವೈಫೈ ವೇಗ 54 ಎಂಬಿಪಿಎಸ್ ಹಳೇ ಲೆಕ್ಕಕ್ಕೆ ಇಳಿದುಬಿಡುತ್ತೆ. ನಿಮ್ಮ ಡಬ್ಬಿಲಿ ಡಬ್ಲ್ಯೂಪಿಎ2 ಇಲ್ವೇ ಇಲ್ಲ ಅಂದ್ರೆ ಅಷ್ಟು ಹಳೇದರ ವೈಫೈ ಆಫ್ ಮಾಡಿ ಬರೀ ಸ್ವಿಚ್ ಆಗಿ ಬಳಸಿ. ಡಬ್ಲ್ಯೂಪಿಎಸ್ ಅನ್ನೋ ಗುಂಡಿ ಒತ್ತಿ ಸೇರೋ ಸೌಲಭ್ಯ ಇದ್ರೆ ಅದನ್ನೂ ಆಫ್ ಮಾಡಿ.

ಚಾನೆಲ್ ಅಂತ ಇರುತ್ತೆ. 2.4 ಗಿಗಾಹರ್ಟ್ಸ್ ವೈಫೈಲಿ 1, 6, 11 ಈ ಮೂರು ಮಾತ್ರ ಒಂದರ ಮೇಲೊಂದು ಬೀಳಲ್ಲ. ಹೊಸ ಡಬ್ಬಿ 1ರಲ್ಲಿದ್ರೆ ಹಳೇದನ್ನ 6ಕ್ಕೋ 11ಕ್ಕೋ ಹಾಕಿ, ಅಗಲ 20 ಮೆಗಾಹರ್ಟ್ಸ್ ಇಡಿ. ಸೇವ್ ಮಾಡಿ. ಫೋನಲ್ಲಿ ಮಾಡ್ತಿದ್ರೆ ಕನೆಕ್ಷನ್ ಬಿಟ್ಟೋಗುತ್ತೆ, ಹೊಸ ಹೆಸರಿಗೆ ಮತ್ತೆ ಸೇರ್ಕೊಂಡು ಒಳಗೆ ಬನ್ನಿ.

ವಿಳಾಸ. ಈಗ ಮುಖ್ಯವಾದ್ದು. ನಿಮ್ಮ ಮನೆ ನೆಟ್‌ವರ್ಕಲ್ಲಿ ಪ್ರತಿಯೊಂದಕ್ಕೂ ಒಂದು ಮನೆ ನಂಬರ್ ಇರುತ್ತೆ, ಅದು ಐಪಿ ವಿಳಾಸ. ಹೊಸ ಡಬ್ಬಿದೂ 192.168.1.1, ಹಳೇದರದ್ದೂ 192.168.1.1 ಆಗಿದ್ರೆ ಒಂದೇ ಬೀದಿಲಿ ಎರಡು ಮನೆಗೆ ಒಂದೇ ನಂಬರ್ ಆಗುತ್ತೆ, ಪೋಸ್ಟ್ ಎಲ್ಲಿಗೆ ಹೋಗ್ಬೇಕು ಗೊತ್ತಾಗದೆ ಮನೇಲಿ ಯಾರಿಗೂ ನೆಟ್ ಬರಲ್ಲ. ಹಂಗಾಗಿ ಮೊದಲು ಹೊಸ ಡಬ್ಬಿ ವಿಳಾಸ ತಿಳ್ಕೊಳ್ಳಿ. ಹೊಸ ವೈಫೈಗೆ ಸೇರಿರೋ ಫೋನಲ್ಲಿ ವೈಫೈ ವಿವರ ತೆಗೆದ್ರೆ ಗೇಟ್‌ವೇ ಅಥವಾ ರೂಟರ್ ಅಂತ ಒಂದು ನಂಬರ್ ಕಾಣುತ್ತೆ, ಅದೇ. ಜಿಯೋಫೈಬರ್ ಡಬ್ಬಿಲಿ ಸಾಮಾನ್ಯವಾಗಿ 192.168.29.1 ಇರುತ್ತೆ, ಬೇರೆ ಬಹಳಷ್ಟರಲ್ಲಿ 192.168.1.1.

ಹಳೇ ಡಬ್ಬಿಲಿ ಲ್ಯಾನ್ ಸೆಟಪ್ ಅನ್ನೋ ಪುಟಕ್ಕೆ ಹೋಗಿ, ಮೊದಲ ಮೂರು ಭಾಗ ಹೊಸ ಡಬ್ಬಿದೇ ಇಟ್ಟು ಕೊನೇದು ಮಾತ್ರ ಬೇರೆ ಕೊಡಿ. ಹೊಸದು 192.168.1.1 ಆದ್ರೆ ಹಳೇದಕ್ಕೆ 192.168.1.250, ಹೊಸದು 192.168.29.1 ಆದ್ರೆ ಹಳೇದಕ್ಕೆ 192.168.29.250. ಸಬ್‌ನೆಟ್ ಮಾಸ್ಕ್ 255.255.255.0 ಅಂತಾನೇ ಇರ್ಲಿ. ಒಂದು ಎಚ್ಚರಿಕೆ, ಹೊಸ ಡಬ್ಬಿ ಫೋನ್‌ಗಳಿಗೆ ಹಂಚೋ ನಂಬರ್‌ಗಳ ಸಾಲಲ್ಲಿ 250 ಸೇರಿರ್ಬಾರ್ದು. ಹೊಸ ಡಬ್ಬಿ ಒಳಗೆ ಹೋಗಿ ಡಿಎಚ್‌ಸಿಪಿ ಪುಟದಲ್ಲಿ ಕೊನೇ ನಂಬರ್‌ನ 240 ಮಾಡ್ಬಿಟ್ರೆ ಆ ಭಯ ಇಲ್ಲ. ಇದನ್ನ ಮಾಡದೇ ಬಿಟ್ರೆ ತಿಂಗಳುಗಟ್ಟಲೆ ಏನೂ ಆಗಲ್ಲ, ಒಂದಿನ ಮನೆಗೆ ನೆಂಟ್ರು ಬಂದು ಫೋನ್‌ಗಳು ಜಾಸ್ತಿ ಆದಾಗ ಯಾವುದೋ ಫೋನಿಗೆ ಅದೇ 250 ಸಿಕ್ಕಿ ಕಿತ್ತಾಟ ಶುರುವಾಗುತ್ತೆ.

ಸೇವ್ ಮಾಡಿದ ತಕ್ಷಣ ಪೇಜು ನಿಂತೋಗುತ್ತೆ, ಹೆದರ್ಬೇಡಿ, ಡಬ್ಬಿ ಹೊಸ ವಿಳಾಸಕ್ಕೆ ಹೋಗಿದೆ. ಕೇಬಲ್ ಒಂದ್ಸಲ ಕಿತ್ತು ಹಾಕಿ, ಅಥವಾ ವೈಫೈ ಬಿಟ್ಟು ಮತ್ತೆ ಸೇರಿ, ಬ್ರೌಸರಲ್ಲಿ ಹೊಸ ವಿಳಾಸ ಟೈಪ್ ಮಾಡಿ ಒಳಗೆ ಬನ್ನಿ.

ಡಿಎಚ್‌ಸಿಪಿ. ಹೊಸದಾಗಿ ಬರೋ ಫೋನ್‌ಗೆಲ್ಲ ಮನೆ ನಂಬರ್ ಕೊಡೋ ಗುಮಾಸ್ತ ಅಂತ ಇಟ್ಕೊಳ್ಳಿ. ಬ್ಯಾಂಕಲ್ಲಿ ಟೋಕನ್ ಕೊಡೋರು ಇಬ್ಬರು ಕೂತು ಒಬ್ಬರಿಗೊಬ್ಬರು ಹೇಳ್ಕೊಳ್ಳದೇ ಕೊಟ್ರೆ ಒಂದೇ ಟೋಕನ್ ಇಬ್ಬರ ಕೈಗೆ ಬರುತ್ತಲ್ಲ, ಹಂಗೇ ಮನೇಲಿ ಇಬ್ಬರು ಗುಮಾಸ್ತರು ಇರ್ಬಾರ್ದು. ಕೆಲಸ ಹೊಸ ಡಬ್ಬಿದೇ ಇರ್ಲಿ, ಹಳೇದರಲ್ಲಿ ಡಿಎಚ್‌ಸಿಪಿ ಸರ್ವರ್ ಅನ್ನೋದನ್ನ ಡಿಸೇಬಲ್ ಮಾಡಿ. ರಿಲೇ ಅಂತ ಇನ್ನೊಂದು ಆಯ್ಕೆ ಕಾಣುತ್ತೆ, ಅದಲ್ಲ, ಡಿಸೇಬಲ್.

ಇದನ್ನ ಮರೆತೋರ ಮನೇಲಿ ಏನಾಗುತ್ತೆ ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ನನ್ನ ಹತ್ರ ಬರೋ ದೂರಿನಲ್ಲಿ ಇದೇ ಜಾಸ್ತಿ. ಮೊದಲು ಎಲ್ಲ ಚೆನ್ನಾಗೇ ನಡೆಯುತ್ತೆ. ಆಮೇಲೆ ಒಂದು ಫೋನಿಗೆ ನೆಟ್ ಬರುತ್ತೆ, ಪಕ್ಕದಲ್ಲಿರೋ ಇನ್ನೊಂದಕ್ಕೆ ಬರಲ್ಲ, ವೈಫೈ ಕಡ್ಡಿ ಮಾತ್ರ ಪೂರ್ತಿ ತೋರಿಸುತ್ತೆ. ಬರದೇ ಇರೋ ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ ನೋಡಿ, ಅಲ್ಲಿ ಹಳೇ ಡಬ್ಬಿ ವಿಳಾಸ ಇದ್ರೆ ಆ ಫೋನು ತಪ್ಪು ಗುಮಾಸ್ತನ ಹತ್ರ ಟೋಕನ್ ತಗೊಂಡಿದೆ ಅಂತ ಅರ್ಥ. ಜನ ಇದನ್ನ ತಿಳೀದೆ ಹೊಸ ಕಂಪನಿಗೆ ಫೋನ್ ಮೇಲೆ ಫೋನ್ ಮಾಡ್ತಾರೆ, ಅವರು ಬಂದು ಹಳೇ ಡಬ್ಬಿ ಕಿತ್ತಿಟ್ಟು ಇದರಿಂದಾನೇ ತೊಂದರೆ ಅಂತ ಹೇಳಿ ಹೋಗ್ತಾರೆ. ತೊಂದರೆ ಡಬ್ಬಿದಲ್ಲ, ಒಂದು ಟಿಕ್ ಮಾರ್ಕಿಂದು.

ಹೊರಗೆ ಬರೋಕ್ ಮುಂಚೆ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ರಿಮೋಟ್ ಮ್ಯಾನೇಜ್‌ಮೆಂಟ್ ಅಂತ ಇದ್ರೆ ಆಫ್ ಮಾಡಿ.

ಹಂತ 7: ಕೇಬಲ್ ಎಳೆಯೋದು

ಹೊಸ ಡಬ್ಬಿ ಲ್ಯಾನ್ ತೂತಿಂದ ಹಳೇ ಡಬ್ಬಿ ಲ್ಯಾನ್ ತೂತಿಗೆ. ಎರಡೂ ಕಡೆ ಲ್ಯಾನ್. ಹಳೇದರ ಡಿಎಸ್‌ಎಲ್ ತೂತು ಖಾಲಿ ಇರ್ಲಿ, ಬೇಕಾದ್ರೆ ಒಂದು ಟೇಪ್ ಅಂಟಿಸಿ. ಫೋನ್ ವೈರಿನ ಸಣ್ಣ ಪಿನ್ನನ್ನ ಲ್ಯಾನ್ ತೂತಿಗೆ ತುರುಕಿ ನೋಡ್ಬೇಡಿ, ಒಳಗೆ ಹೋಗುತ್ತೆ ಆದ್ರೆ ಅಂಚಿನ ತಂತಿಗಳು ಬಗ್ಗೋಗುತ್ವೆ. ಕೆಲವು ಮಾಡೆಲ್ಲಲ್ಲಿ ಲ್ಯಾನ್ 4ನ್ನ ವ್ಯಾನ್ ಆಗಿಯೂ ಬಳಸ್ಬೋದು, ಅದಕ್ಕೆ ಗೊಂದಲ ಬೇಡ ಅಂತ ಲ್ಯಾನ್ 1ನ್ನೇ ಬಳಸಿ. ವ್ಯಾನ್ ತೂತಿಗೆ ಚುಚ್ಚಿದ್ರೂ ನೆಟ್ ಬರ್ಬೋದು, ಆದ್ರೆ ಆಗ ಮನೆ ಒಳಗೆ ಇನ್ನೊಂದು ಮನೆ ಆದಂಗೆ, ಹಿಂದಿನ ರೂಮಿನ ಫೋನಿಂದ ಹಾಲಿನ ಟಿವಿಗೆ ಫೋಟೋ ಕಳಿಸಕ್ಕಾಗಲ್ಲ, ಸಿಸಿ ಕ್ಯಾಮೆರಾದೂ ತಕರಾರು.

ಕೇಬಲ್ ಕ್ಯಾಟ್5ಇ ಇದ್ರೆ ಸಾಕು. ಅಂಗಡಿಲಿ ಪೂರ್ತಿ ತಾಮ್ರದ್ದೇ ಕೊಡಿ ಅಂತ ಕೇಳಿ, ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದಿದ್ದು ಅಗ್ಗಕ್ಕೆ ಸಿಗುತ್ತೆ, ಎರಡು ಮೂರು ಸಲ ಬಗ್ಗಿಸಿದ್ರೆ ಒಳಗೇ ತುಂಡಾಗುತ್ತೆ. ಒಂದೇ ಎಳೆತಕ್ಕೆ 100 ಮೀಟರ್ ಮಿತಿ, ಮನೆ ಒಳಗೆ ಅಷ್ಟು ಬೇಕಾಗಲ್ಲ. ಕರೆಂಟ್ ವೈರ್ ಇರೋ ಪೈಪಲ್ಲೇ ತೂರಿಸ್ಬೇಡಿ. ಪಿನ್ನು ನೀವೇ ಒತ್ತೋದಾದ್ರೆ ಎರಡೂ ತುದಿಗೆ ಒಂದೇ ಬಣ್ಣದ ಕ್ರಮ, ಪಿನ್ನಿನ ಲಾಕ್ ಕೆಳಗಿಟ್ಕೊಂಡು ಎಡಗಡೆಯಿಂದ ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಹಳೇ ಡಬ್ಬಿಗೆ ಇದರಲ್ಲಿ 1, 2, 3, 6ನೇ ತಂತಿ ಮಾತ್ರ ಬೇಕು, ಅದಕ್ಕೆ ಒಂದು ತುದಿಲಿ ಹಸಿರನ್ನ ನೀಲಿ ಜಾಗಕ್ಕೆ ಹಾಕಿಬಿಟ್ರೆ ಲೈಟೇ ಹತ್ತದೇ ಇರ್ಬೋದು.

ತಿಪಟೂರು, ತುರುವೇಕೆರೆ, ಗುಬ್ಬಿ ಕಡೆ ತೋಟದ ಮನೆಯೋರಿಗೆ ಒಂದು ಮಾತು. ಮನೆಯಿಂದ ಪಕ್ಕದ ಕೊಟ್ಟಿಗೆಗೋ ಕೊಬ್ಬರಿ ಅಟ್ಟಕ್ಕೋ ಲ್ಯಾನ್ ಕೇಬಲ್ ಬಯಲಲ್ಲಿ ಎಳೆಯೋ ಮುಂಚೆ ಯೋಚನೆ ಮಾಡಿ. ಫೈಬರ್ ಗಾಜು, ಅದರಲ್ಲಿ ಸಿಡಿಲು ಹರಿಯಲ್ಲ, ಆದ್ರೆ ಲ್ಯಾನ್ ಕೇಬಲ್ ತಾಮ್ರ. ತೆಂಗಿನ ಮರಕ್ಕೆ ಸಿಡಿಲು ಬಡಿಯೋದು ನಿಮಗೇ ಗೊತ್ತಿದೆ, ಅಲ್ಲೇ ಹತ್ರದಲ್ಲಿ ಬಡಿದ್ರೆ ಸಾಕು, ಈ ವೈರ್ ಮೂಲಕ ಎರಡೂ ಡಬ್ಬಿ ಒಟ್ಟಿಗೆ ಸುಟ್ಟೋಗ್ಬೋದು. ಏಪ್ರಿಲ್, ಮೇ ಮಳೇಲಿ ಗುಡುಗು ಶುರುವಾದ ತಕ್ಷಣ ಕರೆಂಟ್ ಪ್ಲಗ್ಗು, ಲ್ಯಾನ್ ಪಿನ್ನು ಎರಡೂ ಕೀಳಿ, ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲದು.

ಕೇಬಲ್ ಇಲ್ದೇ ಗಾಳಿಲೇ ಸಿಗ್ನಲ್ ಹಿಡಿದು ಮುಂದಕ್ಕೆ ಕೊಡಂಗೆ ಮಾಡ್ಬೋದಾ ಅಂತ ಕೇಳೋರಿದಾರೆ, ಅದಕ್ಕೆ ರಿಪೀಟರ್ ಅಥವಾ ಡಬ್ಲ್ಯೂಡಿಎಸ್ ಅಂತಾರೆ. ಹಳೇ ಮೋಡೆಮ್‌ಗಳಲ್ಲಿ ಇದು ಇರೋದೇ ಅಪರೂಪ, ಇದ್ರೂ ವೇಗ ಅರ್ಧಕ್ಕರ್ಧ ಬೀಳುತ್ತೆ. ಅದರ ಹಿಂದೆ ಬೀಳ್ಬೇಡಿ, ಕೇಬಲ್ ಎಳೀರಿ.

ಹಂತ 8: ಎಲ್ಲಿಡ್ಬೇಕು, ಎಷ್ಟು ವೇಗ ಬರುತ್ತೆ

ನಮ್ಮ ಕಡೆ ಹಳೇ ಮನೆಗಳ ಗೋಡೆ ಸೈಜ್ ಕಲ್ಲಿಂದು, ಇಲ್ಲಾ ಒಂದೂವರೆ ಎರಡಡಿ ದಪ್ಪದ ಮಣ್ಣಿಂದು, ವೈಫೈ ಅದನ್ನ ದಾಟೋದು ಕಷ್ಟ. ಅದಕ್ಕೆ ಹಳೇ ಡಬ್ಬಿನ ಗೋಡೆ ಈ ಕಡೆ ಇಟ್ಟು ಆ ಕಡೆ ಹೋಗ್ಲಿ ಅಂತ ಕಾಯ್ಬೇಡಿ, ಕೇಬಲ್‌ನ ಗೋಡೆ ದಾಟಿಸಿ ಬೇಕಾದ ರೂಮಿನ ಒಳಗೇ ಇಡಿ. ಆಳೆತ್ತರಕ್ಕೆ, ಬೀರು ಹಿಂದೆ ಬೇಡ, ಫ್ರಿಜ್ ಪಕ್ಕ ಬೇಡ, ಮೈಕ್ರೋವೇವ್ ಹತ್ರ ಅಂತೂ ಬೇಡವೇ ಬೇಡ, ಅದೂ 2.4 ಗಿಗಾಹರ್ಟ್ಸಲ್ಲೇ ಓಡೋದು. ಮಹಡಿ ಮೇಲಿನ ರೂಮಿಗಾದ್ರೆ ಮೆಟ್ಟಿಲ ಹತ್ರ ಇಟ್ರೆ ಕೆಳಗೂ ಸ್ವಲ್ಪ ಇಳಿಯುತ್ತೆ.

ವೇಗದ ಬಗ್ಗೆ ಮೊದಲೇ ಹೇಳ್ತೀನಿ. ಹಳೇ ಮೋಡೆಮ್‌ಗಳ ಲ್ಯಾನ್ ತೂತು 100 ಎಂಬಿಪಿಎಸ್‌ದು, ನಿಮ್ಮ ಪ್ಲಾನ್ 300 ಇದ್ರೂ ಇದರಿಂದಾಚೆ 100 ದಾಟಲ್ಲ. ಡಬ್ಬಿ ಮೇಲೆ 150 ಅಥವಾ 300 ಎನ್ ಅಂತ ಬರೆದಿರೋದು ಕಾಗದದ ಲೆಕ್ಕ, 150ರ ಡಬ್ಬಿ ಒಂದೇ ರೂಮಲ್ಲಿ 40, 50 ಕೊಟ್ರೆ ಅದು ಚೆನ್ನಾಗೇ ಇದೆ ಅಂತ ಅರ್ಥ. ಎಚ್‌ಡಿ ವಿಡಿಯೊ ನೋಡೋಕೆ 5 ಎಂಬಿಪಿಎಸ್ ಸಾಕು, ಅಜ್ಜಿ ವಾಟ್ಸಾಪ್ ಕಾಲ್‌ಗೆ, ಮಕ್ಕಳ ಆನ್‌ಲೈನ್ ಕ್ಲಾಸಿಗೆ, ಹಿಂಬಾಗಿಲ ಕ್ಯಾಮೆರಾಗೆ ಇದು ಧಾರಾಳ. ದೊಡ್ಡ ದೊಡ್ಡ ಫೈಲು ಇಳಿಸ್ಕೊಳ್ಳೋರು ಹಾಲಿನ ಹೊಸ ಡಬ್ಬಿಗೇ ಸೇರಲಿ. ಮಿಕ್ಕ ಮೂರು ಲ್ಯಾನ್ ತೂತು ಖಾಲಿ ಇದಾವಲ್ಲ, ಆ ರೂಮಿನ ಟಿವಿನೋ ಕಂಪ್ಯೂಟರ್‌ನೋ ಕ್ಯಾಮೆರಾದ ಡಿವಿಆರ್‌ನೋ ಅದಕ್ಕೇ ಚುಚ್ಚಿ, ವೈಫೈ ಮೇಲಿನ ಭಾರ ಇಳಿಯುತ್ತೆ.

ಹಂತ 9: ಪರೀಕ್ಷೆ, ಮತ್ತೆ ಕರೆಂಟ್ ವಿಷಯ

ಫೋನ್‌ನ ಹಳೇ ಡಬ್ಬಿ ವೈಫೈಗೆ ಸೇರಿಸಿ ವಿವರ ನೋಡಿ, ಗೇಟ್‌ವೇ ಜಾಗದಲ್ಲಿ ಹೊಸ ಡಬ್ಬಿ ವಿಳಾಸ ಕಂಡ್ರೆ ಕೆಲಸ ಸರಿಯಾಗಿದೆ. ಬ್ರೌಸರಲ್ಲಿ ಹಳೇ ಡಬ್ಬಿಗೆ ಕೊಟ್ಟ 250ರ ವಿಳಾಸ ಹಾಕಿದ್ರೆ ಅದರ ಪುಟನೂ ತೆರೀಬೇಕು. ಡಬ್ಬಿ ಮೇಲೆ ಇಂಟರ್‌ನೆಟ್ ಅಥವಾ ಡಿಎಸ್‌ಎಲ್ ಅನ್ನೋ ಲೈಟು ಕೆಂಪಗೋ ಮಿಟುಕ್ತಾನೋ ಇರುತ್ತೆ, ಅದು ಫೋನ್ ವೈರು ಹುಡುಕ್ತಿದೆ, ಇನ್ಮೇಲೆ ಯಾವಾಗ್ಲೂ ಹಂಗೇ ಇರುತ್ತೆ, ತಲೆ ಕೆಡಿಸ್ಕೋಬೇಡಿ. ನೀವು ನೋಡ್ಬೇಕಾದ್ದು ಲ್ಯಾನ್ ಲೈಟು, ವೈಫೈ ಲೈಟು ಎರಡನ್ನೇ.

ಕರೆಂಟ್ ಹೋದಾಗ ಹಾಲಿನ ಡಬ್ಬಿ ಯುಪಿಎಸ್ ಮೇಲೆ ಓಡ್ತಿದ್ದು ಹಿಂದಿನ ರೂಮಿನ ಪ್ಲಗ್ಗಿಗೆ ಯುಪಿಎಸ್ ಲೈನ್ ಇಲ್ದಿದ್ರೆ ಆ ರೂಮಿನ ವೈಫೈ ಹೋಗುತ್ತೆ. ಉಲ್ಟಾ ಆದ್ರೆ ಇನ್ನೂ ಗೊಂದಲ, ಹಳೇ ಡಬ್ಬಿ ಓಡ್ತಿರುತ್ತೆ, ಕಡ್ಡಿ ಪೂರ್ತಿ ತೋರಿಸುತ್ತೆ, ನೆಟ್ ಮಾತ್ರ ಇರಲ್ಲ, ಯಾಕಂದ್ರೆ ಹಾಲಿನ ಡಬ್ಬಿ ಆಫ್ ಆಗಿರುತ್ತೆ. ಎರಡಕ್ಕೂ ಯುಪಿಎಸ್ ಲೈನಿರೋ ಪ್ಲಗ್ ಕೊಡಿ, ಇಲ್ಲಾಂದ್ರೆ ರೂಟರ್‌ಗೇ ಅಂತ ಸಿಗೋ ಸಣ್ಣ ಯುಪಿಎಸ್ ತಗೊಳ್ಳಿ, ಅದನ್ನ ತರುವಾಗಲೂ ಹಂತ 3ರ ವೋಲ್ಟ್ ಮಾತು ನೆನಪಿರ್ಲಿ, ಅದರಲ್ಲಿ ಬಹಳಷ್ಟು 12 ವೋಲ್ಟಿಂದೇ. ಬಿಲ್ ಬಗ್ಗೆ ಕೇಳೋದಾದ್ರೆ ಇಂಥ ಡಬ್ಬಿ 6 ವ್ಯಾಟ್ ತಗೊಂಡ್ರೂ ದಿನಪೂರ್ತಿ ಓಡಿ ತಿಂಗಳಿಗೆ ನಾಲ್ಕು ಯೂನಿಟ್ ಚಿಲ್ಲರೆ.

ಒಳಗೆ ಹೋಗೋಕೇ ಆಗ್ತಿಲ್ಲ ಅಂದ್ರೆ

ಡಿಎಚ್‌ಸಿಪಿ ಆಫ್ ಮಾಡಿದ್ಮೇಲೆ ಹಳೇ ಡಬ್ಬಿನ ಒಂಟಿಯಾಗಿ ಲ್ಯಾಪ್‌ಟಾಪ್‌ಗೆ ಚುಚ್ಚಿದ್ರೆ ಅದು ನಂಬರ್ ಕೊಡಲ್ಲ, ಪೇಜ್ ತೆರೆಯಲ್ಲ, ಇದು ಕೆಟ್ಟಿರೋದಲ್ಲ. ಹೊಸ ಡಬ್ಬಿಗೆ ಸೇರಿಸಿಟ್ಟೇ ತೆರೆದು ನೋಡಿ. ಆಗ್ಲೂ ಆಗದಿದ್ರೆ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಸೆಟ್ಟಿಂಗಲ್ಲಿ ಕೈಯಾರೆ 192.168.1.50, ಮಾಸ್ಕ್ 255.255.255.0 ಅಂತ ಹಾಕಿ, ನೀವು 29ರ ಸಾಲು ಕೊಟ್ಟಿದ್ರೆ 192.168.29.50, ಆಮೇಲೆ ಪ್ರಯತ್ನ ಮಾಡಿ, ಕೆಲಸ ಮುಗಿದ್ಮೇಲೆ ಆಟೋಮ್ಯಾಟಿಕ್‌ಗೆ ವಾಪಸ್ ಮಾಡೋದು ಮರೀಬೇಡಿ. ಅದೂ ಆಗದಿದ್ರೆ ಹಂತ 4ರಿಂದ ಮತ್ತೆ.

ರೀಸೆಟ್‌ಗೂ ಬಗ್ಗದೇ ಇದ್ರೆ, ಅಥವಾ ವೈಫೈ ಲೈಟೇ ಹತ್ತದಿದ್ರೆ ಅದರ ಆಯಸ್ಸು ಮುಗೀತು. ಕಸದ ಗಾಡಿಗೆ ಹಾಕ್ಬೇಡಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರೋ ಇ-ತ್ಯಾಜ್ಯ ನಿಯಮದ ಪ್ರಕಾರ ಇದು ನೋಂದಾಯಿತ ಮರುಬಳಕೆದಾರರಿಗೆ ಸೇರ್ಬೇಕಾದ ವಸ್ತು, ಇ-ತ್ಯಾಜ್ಯ ತಗೊಳ್ಳೋರಿಗೆ ಅಡಾಪ್ಟರ್ ಸಮೇತ ಕೊಡಿ. ಚೆನ್ನಾಗಿರೋದನ್ನ ಬೇರೆಯೋರಿಗೆ ಕೊಡೋದಾದ್ರೂ ಅಷ್ಟೇ, ಮೊದಲು ಹಂತ 4ರ ರೀಸೆಟ್ ಮಾಡಿ ಕೊಡಿ, ನಿಮ್ಮ ವೈಫೈ ಪಾಸ್‌ವರ್ಡು, ಹಳೇ ಬ್ರಾಡ್‌ಬ್ಯಾಂಡ್ ಯೂಸರ್ ನೇಮು ಎಲ್ಲ ಅದರೊಳಗೇ ಉಳಿದಿರುತ್ತೆ.

ಕೆಲಸ ಮಾಡ್ತಿರೋ ಡಬ್ಬಿಗೆ ಕೊನೇದಾಗಿ ಒಂದು ಸ್ಟಿಕರ್. ಬಿಳಿ ಪೇಪರ್ ಮೇಲೆ ಹೊಸ ವಿಳಾಸ, ಡಿಎಚ್‌ಸಿಪಿ ಆಫ್, ಕೇಬಲ್ ಲ್ಯಾನ್ 1ಕ್ಕೆ, ತಾರೀಕು ಇಷ್ಟನ್ನ ಬರೆದು ತಳಕ್ಕೆ ಅಂಟಿಸಿ. ಅಡ್ಮಿನ್ ಪಾಸ್‌ವರ್ಡ್ ಅದರ ಮೇಲೆ ಬರೀಬೇಡಿ, ಅದು ಮನೆ ಡೈರಿಲಿರ್ಲಿ. ಎರಡು ವರ್ಷ ಆದ್ಮೇಲೆ ಮತ್ತೆ ಕಂಪನಿ ಬದಲಾಯಿಸಿ ಹೊಸ ಡಬ್ಬಿ ವಿಳಾಸ ಬೇರೆ ಆದಾಗ ಹಂತ 6ರ ಎರಡನೇ ಸೆಟ್ಟಿಂಗ್ ಒಂದನ್ನ ಬದಲಾಯಿಸಿದ್ರೆ ಸಾಕು, ಅದಕ್ಕೆ ಆ ಸ್ಟಿಕರ್ ಬೇಕಾಗುತ್ತೆ.